ಬ್ಲೇಡಿಲ್ಲದ ಕತ್ತಿ

"ಬ್ಲೇಡು ತೆಗೆದಿಡೋ ಹಜಾಮ! ನಿನ್ ಕೊಳಕು ಬ್ಲೇಡು ಸಾಹೇಬ್ರ ಕೆನ್ನೆಗೆ ತಾಗಿದ್ರೆ ನಿನ್ ಕೈ ಇರಲ್ಲ."

ಅಭ್ಯರ್ಥಿಯ ಬಲಗೈ ಬಂಟ ಬಾಗಿಲಲ್ಲೇ ನಿಂತು ಕೂಗಿದ. ಕುರ್ಚಿಯಲ್ಲಿ ಮೂಟೆ ಹೊರುವ ಹಮಾಲಿ ಕೂತಿದ್ದ. ಎಡಗೆನ್ನೆ ನುಣ್ಣಗಾಗಿತ್ತು, ಬಲಗೆನ್ನೆ ಇನ್ನೂ ನೊರೆಯಲ್ಲಿತ್ತು. ಬಂಟ ಅವನ ರಟ್ಟೆ ಹಿಡಿದು ಎಬ್ಬಿಸಿದ.

"ಅಣ್ಣ, ಅರ್ಧ ಮುಖ ಬಾಕಿ ಇದ್ಯಲ್ಲ!"

"ನಾಳೆ ಬೋಳಿಸ್ಕೋ. ನಿನ್ನ ಯಾವಳೂ ನೋಡಲ್ಲ."

ಸಾಹೇಬರ ಕ್ಷೌರ ಬೆಳಿಗ್ಗೆ ಮನೆಯಲ್ಲೇ ಆಗಿತ್ತು. ಇಲ್ಲಿ ನೊರೆ ಹಚ್ಚಿ, ಖಾಲಿ ಕತ್ತಿ ಎಳೆದರೆ ಸಾಕು. ಬಡವರ ಅಂಗಡಿಯಲ್ಲಿ ಸಾಹೇಬರು ಎಂದು ಪೇಪರಿನಲ್ಲಿ ಫೋಟೊ ಬರುತ್ತದೆ.

ಕ್ಷೌರಿಕ ತುಟಿ ಕಚ್ಚಿಕೊಂಡು ಬ್ಲೇಡು ತೆಗೆದ. ನಾಲ್ಕು ತಿಂಗಳಿಂದ ಅವನ ಗಂಟಲಲ್ಲಿ ಒಂದು ಪ್ರಶ್ನೆ ಸಿಕ್ಕಿಕೊಂಡಿತ್ತು. ಸಾಲಿನ ಏಳೂ ಅಂಗಡಿಗಳ ಗೋಡೆಗೆ ಯಾರೋ ಕೆಂಪು ಬಣ್ಣದಲ್ಲಿ ಗುರುತು ಹಾಕಿ ಹೋಗಿದ್ದರು. ಚುನಾವಣೆ ಮುಗಿದ ಮೇಲೆ ರಸ್ತೆ ಅಗಲ ಮಾಡಲು ಒಡೆಯುತ್ತಾರೆಂದು ಸುದ್ದಿ. ಕೇಳಲು ಅಭ್ಯರ್ಥಿಯ ಮನೆಗೆ ಹೋದರೆ, "ಸಭೆಗೆ ಬಾ" ಎಂದರು. ಸಭೆಯಲ್ಲಿ ಕೈ ಎತ್ತಿ ಎತ್ತಿ ರಟ್ಟೆ ನೋವು ಬಂತೇ ಹೊರತು ಮೈಕು ಅವನ ತನಕ ಬರಲಿಲ್ಲ. ಓಣಿಗೆ ಬಂದ ಪ್ರಚಾರದ ಗಾಡಿಯನ್ನು ಅಡ್ಡಗಟ್ಟಿದರೆ ಒಳಗೆ ಇದ್ದದ್ದು ರೆಕಾರ್ಡು ಮಾಡಿದ ದನಿ ಮಾತ್ರ. ಈಗ ಆಸಾಮಿಯೇ ತನ್ನ ಕಾಲಲ್ಲೇ ನಡೆದು ಬಂದು, ಕ್ಷೌರಿಕನ ಅಪ್ಪ ಹಾಕಿದ ಕುರ್ಚಿಯಲ್ಲಿ ಕೂತಿದ್ದ.

"ಹೇಗಿದ್ದೀಯಪ್ಪಾ? ಮಕ್ಕಳು ಓದ್ತಿದಾರಾ?" ಅಭ್ಯರ್ಥಿ ಕನ್ನಡಿಯಲ್ಲಿ ಕ್ರಾಪು ತಿದ್ದಿಕೊಂಡ.

"ನಂಗೆ ಮದ್ವೆನೇ ಆಗಿಲ್ಲ ಸಾಹೇಬ್ರೇ."

"ಭೇಷ್. ಚೆನ್ನಾಗಿ ಓದ್ಸು."

ಹೊರಗೆ ಹಮಾಲಿ ಕಿಸಕ್ಕೆಂದ. ಕ್ಷೌರಿಕ ದಪ್ಪಗೆ ನೊರೆ ಹಚ್ಚಿ, ಕತ್ತಿ ಎಳೆಯುತ್ತ ಕೇಳಿಯೇಬಿಟ್ಟ: "ನಮ್ ಅಂಗಡಿ ಒಡೀತೀರೋ, ಇಲ್ವೋ?"

"ಬಾಯಿಗೆ ಸೋಪು ಹೋಗುತ್ತೆ, ಸಾಹೇಬ್ರನ್ನ ಮಾತಾಡಿಸ್ಬೇಡ," ಬಂಟ ಗದರಿದ.

"ಮಾತು ಬೇಡ. ಒಡೀತೀರಾದ್ರೆ ತಲೆ ಮೇಲೆ ಕೆಳಗೆ ಆಡ್ಸಿ. ಇಲ್ಲಾಂದ್ರೆ ಆ ಕಡೆ ಈ ಕಡೆ."

ಅಭ್ಯರ್ಥಿ ತಲೆಯನ್ನು ಹೌದೂ ಅಲ್ಲ ಇಲ್ಲವೂ ಅಲ್ಲ ಎಂಬಂತೆ ಒಂದು ಸುತ್ತು ತಿರುಗಿಸಿದ.

"ಗಾಣದೆತ್ತು ಸುತ್ತಿದ ಹಾಗೆ ಸುತ್ತಿಸಿದ್ರಲ್ಲೋ!" ಎಂದ ಹಮಾಲಿ.

"ಇನ್ನೊಂದ್ಸಲ ಎಳಿ," ಎಂದ ಸಾಹೇಬರ ಜೊತೆ ಬಂದಿದ್ದ ಫೋಟೊದವನು.

ಕ್ಷೌರಿಕ ಎಳೆದ. ಸದ್ದಿಲ್ಲ. ಇಪ್ಪತ್ತು ವರ್ಷ ಅವನ ಕೈ ನಡೆದದ್ದು ಕೂದಲು ಸರ್ರೆಂದು ಕತ್ತರಿಸುವ ಸದ್ದು ಕೇಳಿಕೊಂಡು. ಈಗ ಬರೀ ನೊರೆ ಅತ್ತಿಂದಿತ್ತ ಸರಿಯುತ್ತಿತ್ತು. ಅವನಿಗೆ ತನ್ನ ಕೈ ಕಂಡೇ ಅಸಹ್ಯವಾಯಿತು. ಕತ್ತಿ ಕೆಳಗಿಟ್ಟ.

"ಯಾಕೋ ನಿಲ್ಸಿದೆ?"

"ಉತ್ತರ ಬರ್ಲಿ."

"ಬೋಳಿಮಗನೇ, ಸಾಹೇಬ್ರ ಹತ್ರ ಉತ್ತರ ಕೇಳ್ತೀಯಾ?" ಬಂಟನ ಕೈ ಕ್ಷೌರಿಕನ ಕಪಾಳಕ್ಕೆ ಬಿತ್ತು. "ಒರೆಸೋ ಮುಖ!"

ಕ್ಷೌರಿಕ ಟವೆಲು ಎತ್ತಿ ತನ್ನ ಹೆಗಲಿಗೆ ಹಾಕಿಕೊಂಡ. "ವೋಟು ಕೇಳೋಕೆ ಬಂದೋರ ಹತ್ರ ಉತ್ತರ ಕೇಳ್ದೇ ಗಡ್ಡ ಕೇಳ್ಲಾ?"

ತಗಡಿನ ಮಾಡು ಕಾದಿತ್ತು. ಬೆವರಿಗೆ ನೊರೆ ಜಾರುತ್ತಿತ್ತು. ಅಭ್ಯರ್ಥಿ ತಾಳ್ಮೆಗೆಟ್ಟು ಎದ್ದು, ಅಂಗೈಯಿಂದಲೇ ಮುಖ ಉಜ್ಜಿಕೊಂಡ. ಸೋಪು ಎರಡೂ ಕಣ್ಣಿಗೆ ನುಗ್ಗಿತು.

"ಅಯ್ಯಯ್ಯೋ! ಉರಿ! ನೀರು ಕೊಡ್ರೋ!"

ಬೆಳಿಗ್ಗೆ ಓಣಿ ತುದಿಯ ನಲ್ಲಿಯಿಂದ ಹೊತ್ತು ತಂದ ನೀರು ಮೂಲೆಯ ಬಕೆಟ್ಟಿನಲ್ಲಿತ್ತು. ಬಂಟ ಬಗ್ಗುವಷ್ಟರಲ್ಲಿ ಕ್ಷೌರಿಕ ಅದನ್ನೆತ್ತಿ ಹೊರಗಿನ ಚರಂಡಿಗೆ ಸುರಿದ. ಬಂಟ ಪಕ್ಕದ ಇಸ್ತ್ರಿ ಅಂಗಡಿಗೆ ಓಡಿದ.

"ಅಕ್ಕಾ, ಒಂದ್ ಚೊಂಬು ನೀರು!"

ಇಸ್ತ್ರಿಯ ಅಕ್ಕ ಚೊಂಬಿನಲ್ಲಿದ್ದ ನೀರನ್ನೆಲ್ಲ ಎದುರಿಗಿದ್ದ ಬಟ್ಟೆಯ ಮೇಲೆ ಚಿಮುಕಿಸಿದಳು. "ಇತ್ತಪ್ಪಾ. ಈಗಷ್ಟೇ ಮುಗೀತು."

ಅಭ್ಯರ್ಥಿ ಕಣ್ಣು ಮುಚ್ಚಿ, ಬಾಯಿ ಬಿಟ್ಟು ಅರಚುತ್ತ ಗಾಳಿಯಲ್ಲಿ ಕೈಯಾಡಿಸುತ್ತಿದ್ದ. ಅಂಗಡಿಯವರು ಒಬ್ಬೊಬ್ಬರೇ ಬಂದು ಬಾಗಿಲಲ್ಲಿ ನಿಂತರು. ಯಾರೂ ಅವನ ಕೈ ಹಿಡಿಯಲಿಲ್ಲ. ಫೋಟೊದವನು ಮಾತ್ರ ಒಂದರ ಮೇಲೊಂದು ಫೋಟೊ ತೆಗೆಯುತ್ತಲೇ ಇದ್ದ.

ಕ್ಷೌರಿಕ ಅಭ್ಯರ್ಥಿಯ ಕಿವಿಯ ಹತ್ತಿರ ಬಗ್ಗಿದ. "ಹೆಂಗೂ ಬಾಯಿ ಬಿಟ್ಟಿದ್ದೀರಲ್ಲ ಸಾಹೇಬ್ರೇ. ಹಂಗೇ ಹೇಳ್ಬಿಡಿ. ಒಡೀತೀರೋ, ಇಲ್ವೋ?"

ತೆರೆದ ಬಾಯಿ ಪಟ್ಟನೆ ಮುಚ್ಚಿಕೊಂಡಿತು.