ದೇವರ ಜಗಲಿಯ ಮೇಲೊಂದು ಹಾರ್ಡ್ ಡಿಸ್ಕ್

ನಾನು ಒಂದು ಹಾರ್ಡ್ ಡಿಸ್ಕ್. ಧೂಳಿನ ಕಣವೂ ನುಸುಳದ ಕೋಣೆಯಲ್ಲಿ, ಮುಖ ಮುಚ್ಚಿಕೊಂಡವರ ಕೈಯಲ್ಲಿ ಹುಟ್ಟಿದೆ. ಮೊದಲು ಕಾಲೇಜೊಂದರಲ್ಲಿ ದುಡಿದೆ. ಅಲ್ಲಿಗೆ ಹೊಸ ಡಿಸ್ಕುಗಳು ಬಂದಾಗ ನನ್ನನ್ನು ನೇಕಾರರ ಊರಿನ ಸಮುದಾಯ ರೇಡಿಯೋಕ್ಕೆ ಕೊಟ್ಟುಬಿಟ್ಟರು.

ಅಲ್ಲಿ ಕಾಶವ್ವ ಎಂಬ ಮುದುಕಿ ಮೈಕಿನ ಮುಂದೆ ಕುಳಿತು, ನೂಲಿಗೆ ಗಂಜಿ ಹಾಕುವುದನ್ನು ಹುಡುಗಿಯರಿಗೆ ಹೇಳಿಕೊಡುತ್ತಿದ್ದಳು. ನಡುನಡುವೆ ಪಕ್ಕದಲ್ಲಿದ್ದ ಮಗಳಿಗೇ ಬೈಗುಳ:

“ಏ ಯಮುನಿ, ಗಂಜಿ ಗಂಟ ಕಟ್ಟೇತಲ್ಲ! ತಲಿ ಎಲ್ಲಿ ಇಟ್ಟೀ? ಗಂಡನ ಮನ್ಯಾಗ ಬಿಟ್ಟ ಬಂದೀಯೇನು?”

ಊರೆಲ್ಲ ನಗುತ್ತಿತ್ತು. ಕಾಶವ್ವ ತೀರಿಕೊಂಡ ಮೇಲೆ ಆ ದನಿ ಉಳಿದದ್ದು ನನ್ನೊಳಗೆ ಮಾತ್ರ.

ಒಂದು ದಿನ ರೆಕಾರ್ಡಿಂಗ್ ನಿಂತುಹೋಯಿತು. ಯಂತ್ರ ನೋಡಿಕೊಳ್ಳುವ ಗುರುಬಸು ಲಿನಕ್ಸಿನ ಕಪ್ಪು ಪರದೆಯಲ್ಲಿ ‘ಡಿಎಫ್’ ಎಂದು ಒತ್ತಿ, ಜಾಗವೆಷ್ಟಿದೆ ಎಂದು ಕೇಳಿದ. ತುಂಬಿದ್ದೇನೆ ಎಂದೆ. ಯಾವುದು ಎಷ್ಟು ತಿಂದಿದೆ ಎಂದು ‘ಡಿಯು’ ಒತ್ತಿ ಕೇಳಿದ. ಪ್ರಸಾರ ನಡೆಸುವ ಕಂಪ್ಯೂಟರ್ ಪ್ರೋಗ್ರಾಂ ತನ್ನ ದಿನಚರಿ ಬರೆದು ಬರೆದು ಉಬ್ಬಿಸಿದ್ದ ಲಾಗ್ ಫೈಲನ್ನು ತೋರಿಸಿದೆ. ಅಳಿಸಿದ. ಸರಿಯೇ. ಆದರೆ ಅದನ್ನು ತೆರೆದುಕೊಂಡು ಕುಳಿತಿದ್ದ ಪ್ರೋಗ್ರಾಮನ್ನು ನಿಲ್ಲಿಸಲಿಲ್ಲ! ಹೆಸರು ಹೋಯಿತು, ಜಾಗ ಬಿಡುಗಡೆಯಾಗಲಿಲ್ಲ. ‘ಡಿಯು’ ಕಡಿಮೆ ಹೇಳಿತು, ‘ಡಿಎಫ್’ ತುಂಬಿದೆ ಎಂದಿತು. ಎರಡೂ ನಿಜವೇ: ಅದು ಹೆಸರಿರುವ ಫೈಲುಗಳನ್ನಷ್ಟೇ ಎಣಿಸುತ್ತದೆ, ಇದು ಹಿಡಿದಿಟ್ಟ ಜಾಗವನ್ನೆಲ್ಲ. ಇಬ್ಬರ ಮಾತೂ ಯಾಕೆ ಹೊಂದುತ್ತಿಲ್ಲ ಎಂದು ಒಂದು ಗಳಿಗೆ ಯೋಚಿಸಬಾರದೇ?

“ಸಂಜಿ ಕಾರ್ಯಕ್ರಮ ನಿಂತ್ರ ಹೆಂಗೋ ಗುರುಬಸು? ಏನರ ತಗದ ಒಗಿ,” ಎಂದರು ರೇಡಿಯೋ ನಡೆಸುವ ಹಸೀನಾ ಮೇಡಂ.

“ಹಳೇ ರೆಕಾರ್ಡಿಂಗ್ ಅದಾವ್ರಿ. ಅವನ್ನ ಯಾರ ಕೇಳ್ತಾರ ಬಿಡ್ರಿ,” ಎಂದ. ಕಾಶವ್ವನನ್ನು ಅಳಿಸಿದ.

ಕೂಡಲೇ ಕಂಪ್ಯೂಟರ್ ಆರಿಸಿ ಮತ್ತೆ ಹಚ್ಚಿದ. ಆಗ ಆ ಪ್ರೋಗ್ರಾಂ ಲಾಗನ್ನು ಕೈಬಿಟ್ಟಿತು. ನಾನು ಅರ್ಧಕ್ಕರ್ಧ ಖಾಲಿ! ಇದನ್ನೇ ಮೊದಲು ಮಾಡಿದ್ದರೆ ಕಾಶವ್ವ ಉಳಿಯುತ್ತಿದ್ದಳು. ಅವನಿಗೋ ಬೈಯಲು ನಾನೇ ಸಿಕ್ಕೆ.

“ಒಮ್ಮಿ ತುಂಬೇತಿ ಅಂತೈತಿ, ಒಮ್ಮಿ ಖಾಲಿ ಅಂತೈತಿ. ಇದರ ತಲಿ ಕೆಟ್ಟೈತ್ರಿ ಮೇಡಂ!”

ಉಳಿದದ್ದನ್ನು ಹೊಸ ಡಿಸ್ಕಿಗೆ ಹಾಕಿಕೊಂಡು ನನ್ನನ್ನು ಕಿತ್ತು ಮೂಲೆಗೆಸೆದ. ಒಂದು ಸುಳ್ಳನ್ನೂ ಹೇಳದ ನನ್ನನ್ನು!

ಕೆಲವು ದಿನಗಳ ಮೇಲೆ ಯಮುನವ್ವ ಬಂದಳು. “ಅಣ್ಣಾರ, ನಾಳಿ ಅವ್ವನ ವರ್ಷದ ದಿನಾ ಐತ್ರಿ. ಅಕಿ ನನಗ ಬೈದದ್ದು ಒಮ್ಮಿ ಹಚ್ರಿ.”

“ಡಿಸ್ಕ್ ಕೆಟ್ಟು ಎಲ್ಲಾ ಹೋತಕ್ಕಾ,” ಎಂದ, ಮುಖ ನೋಡದೆ, ಮೂಲೆಯಲ್ಲಿದ್ದ ನನ್ನತ್ತ ಕೈತೋರಿಸಿ.

ಅವಳು ನನ್ನನ್ನು ಕೈಗೆತ್ತಿಕೊಂಡಳು. ಆಮೇಲೆ, “ಅವ್ವ ಇದರಾಗ ಇದ್ಲೇನ್ರಿ? ಹಂಗಾರ ಇದನ್ನರ ಕೊಡ್ರಿ,” ಎಂದು ನನ್ನನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದಳು.

ಈಗ ನಾನು ಅವಳ ಮನೆಯ ದೇವರ ಜಗಲಿಯ ಮೇಲೆ, ಕಾಶವ್ವನ ಫೋಟೋದ ಪಕ್ಕದಲ್ಲಿದ್ದೇನೆ. ದಿನವೂ ಕುಂಕುಮ ಹಚ್ಚುತ್ತಾಳೆ, ಕೈಮುಗಿಯುತ್ತಾಳೆ. ನನಗೆ ಸಿಟ್ಟು ಉಕ್ಕುತ್ತದೆ. ಕುಂಕುಮ ಬೇಡ ತಾಯಿ, ಕೇಬಲ್ ಬೇಕು! ಅವನು ಅಳಿಸಿದ್ದು ಹೆಸರನ್ನು ಮಾತ್ರ, ದನಿ ಇನ್ನೂ ನನ್ನೊಳಗಿದೆ. ಅದರ ಮೇಲೆ ಬೇರೇನನ್ನೂ ಬರೆಯುವ ಮೊದಲೇ ನನ್ನನ್ನು ಕಿತ್ತಿದ್ದಾನೆ. ತಿಳಿದವರ ಹತ್ತಿರ ಒಯ್ದರೆ ನಿನ್ನವ್ವ ಸಿಗುತ್ತಾಳೆ.

ಊದಿನಕಡ್ಡಿಯ ಬೂದಿ ನನ್ನ ಮೇಲೆ ಉದುರುತ್ತದೆ. ಅವಳು ಕಣ್ಣೊರೆಸಿಕೊಂಡು ಮಗ್ಗಕ್ಕೆ ಹೋಗುತ್ತಾಳೆ. ನನ್ನೊಳಗೆ ಕಾಶವ್ವ ಬೈಯುತ್ತಲೇ ಇದ್ದಾಳೆ:

“ಏ ಯಮುನಿ, ತಲಿ ಎಲ್ಲಿ ಇಟ್ಟೀ?”