ಮೂವತ್ತೇಳನೆಯ ಪ್ರಶ್ನೆ

ಮಕ್ಕಳಿಗೆ ಮುಂದಿನ ದಾರಿ ತೋರಿಸುವುದು ಆ ಗಣಿತದ ಟೀಚರ್ ಪಾಲಿಗೆ ಬಂದ ಹೆಚ್ಚುವರಿ ಕೆಲಸ. ಲ್ಯಾಬಿನ ಪಕ್ಕದ ಇಕ್ಕಟ್ಟು ಕೋಣೆಯಲ್ಲಿ ಒಬ್ಬೊಬ್ಬರನ್ನೇ ಕೂರಿಸಿಕೊಂಡು, ಯಾರಿಗೆ ಯಾವ ಕೆಲಸ ಒಗ್ಗೀತು ಎಂದು ಮಾತಾಡಿಸುತ್ತಿದ್ದರು. ಹಾಗಾಗಿ ಕಂಪನಿಯೊಂದರ ಮನುಷ್ಯ ತಾನಾಗಿಯೇ ಬಂದು, ಕೊನೆಯ ವರ್ಷದವರಿಗೆಲ್ಲ ಪುಕ್ಕಟೆ ಪರೀಕ್ಷೆ ಮಾಡುತ್ತೇವೆ, ಆಯ್ಕೆಯಾದವರಿಗೆ ದೂರದ ಊರಲ್ಲಿ ಯಂತ್ರದ ಕೆಲಸದ ತರಬೇತಿ, ಊಟ, ವಸತಿ, ಆಮೇಲೆ ಕೆಲಸ ಎಂದಾಗ ಅವರಿಗೆ ಖುಷಿಯೇ ಆಯಿತು. ಇಸ್ತ್ರಿ ಮುರಿಯದ ಅಂಗಿ, ಬೆಣ್ಣೆಯಲ್ಲಿ ಕೂದಲು ತೆಗೆದಂಥ ಮಾತು. ಹೆಡ್‌ಮಾಸ್ಟರಂತೂ ಕರಗಿಯೇ ಹೋದರು.

ಐವರು ಆಯ್ಕೆಯಾದರು. ಅವರಲ್ಲಿ ‘ರಿಪೇರಿ’ಯೂ ಒಬ್ಬಳು. ಕೆಟ್ಟ ಫ್ಯಾನು, ನಿಂತ ಗಡಿಯಾರ ಕಂಡರೆ ಬಿಚ್ಚಿ ಹರವಿಕೊಳ್ಳುವ ಹುಡುಗಿ. ಅವಳ ಕೈಗೆ ಸಿಕ್ಕಿದ್ದು ಒಂದೋ ಓಡುತ್ತದೆ, ಇಲ್ಲವೇ ಪರಲೋಕ ಸೇರುತ್ತದೆ ಎಂದು ತರಗತಿ ನಗುತ್ತಿತ್ತು. ಅವಳ ಆಯ್ಕೆ ಸರಿಯೇ. ಉಳಿದವರಲ್ಲಿ ಒಬ್ಬನಿಗೆ ಗೋಡೆಗೆ ಮೊಳೆ ಹೊಡೆಯಲೂ ಬಾರದು. ಜಾಣರೆಲ್ಲ ಹೊರಗುಳಿದಿದ್ದರು.

ಕಂಪನಿಯವನು ಹೆಡ್‌ಮಾಸ್ಟರ ಜೊತೆ ಚಹಾ ಕುಡಿಯುತ್ತಿದ್ದಾಗ ಟೀಚರ್ ಉತ್ತರದ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಐವರ ಉತ್ತರಗಳು ತಾಳೆಯಾದದ್ದು ಒಂದೇ ಕಡೆ, ಮೂವತ್ತೇಳನೆಯ ಪ್ರಶ್ನೆಯಲ್ಲಿ. ‘ನಿನ್ನಿಂದ ಸುದ್ದಿ ಬರದಿದ್ದರೆ ಹುಡುಕಿಕೊಂಡು ಬರುವವರು ಯಾರು?’ ಐವರೂ ‘ಯಾರೂ ಇಲ್ಲ’ ಎಂದು ಬರೆದಿದ್ದರು. ಉಳಿದ ಅರವತ್ತು ಚಿಲ್ಲರೆ ಹಾಳೆಗಳಲ್ಲಿ ಅಪ್ಪನೋ, ಅಜ್ಜಿಯೋ, ಸೋದರಮಾವನೋ ಯಾರಾದರೊಬ್ಬರು ಇದ್ದರು.

ಹೆಡ್‌ಮಾಸ್ಟರಿಗೆ ಹೇಳಿದರೆ, ಹಗ್ಗ ಕಂಡು ಹಾವೆನ್ನಬೇಡಿ ಎಂದು ನಕ್ಕರು. ಸಂಜೆ ಟೀಚರ್ ರಿಪೇರಿಯ ಮನೆಗೆ ಹೋದರು. ಅವಳನ್ನು ಸಾಕಿದ ಚಿಕ್ಕಮ್ಮ ಬಾಗಿಲಲ್ಲೇ ನಿಂತು, ಒಪ್ಪಿಗೆ ಪತ್ರಕ್ಕೆ ಆಗಲೇ ಸಹಿ ಹಾಕಿಯಾಯಿತು ಎಂದಳು. ಒಳಗೆ ಹುಡುಗಿ ಚೀಲಕ್ಕೆ ಬಟ್ಟೆ ತುಂಬುತ್ತಿದ್ದಳು. “ಮೊದಲನೇ ಸಲ ನನ್ನನ್ನ ಯಾರೋ ಆರಿಸಿದಾರೆ ಟೀಚರ್. ಅಡ್ಡ ಬರಬೇಡಿ,” ಎಂದಳು.

ಸೋಮವಾರ ಬೆಳಿಗ್ಗೆ ಗೇಟಿನ ಮುಂದೆ ವ್ಯಾನು ನಿಂತಿತು. ಕಿಟಕಿಗಳಿಗೆ ಒಳಗಿನಿಂದ ಕಪ್ಪು ಕಾಗದ ಅಂಟಿಸಿದ್ದರು. ಟೀಚರ್ ಅದರ ಬಾಗಿಲಿಗೆ ಅಡ್ಡ ನಿಂತು ಕಂಪನಿಯವನತ್ತ ಆ ಐದು ಉತ್ತರದ ಹಾಳೆಗಳನ್ನು ಚಾಚಿದರು. ಐದರಲ್ಲೂ ‘ಯಾರೂ ಇಲ್ಲ’ವನ್ನು ಹೊಡೆದುಹಾಕಿ ತಮ್ಮ ಹೆಸರು, ವಿಳಾಸ ಬರೆದಿದ್ದರು.

“ಹುಡುಕಿಕೊಂಡು ನಾನು ಬರ್ತೀನಿ,” ಎಂದರು. “ಪ್ರತಿ ಭಾನುವಾರ.”

ಅವನ ನಗು ತುಟಿಯ ಮೇಲೆ ಹಾಗೇ ಇತ್ತು. ಕಣ್ಣಿನಲ್ಲಿ ಮಾತ್ರ ಆರಿತು. “ಮೊದಲೇ ಹೇಳಬಾರದಿತ್ತಾ ಮೇಡಂ? ಈ ಸಲ ಸೀಟು ತುಂಬಿಹೋಯ್ತು.”

ಅವನು ಹತ್ತಲು ಬಾಗಿಲು ಸರಿಸಿದಾಗ ಒಳಗೆ ಏಳೆಂಟು ಮಕ್ಕಳು ಕಂಡರು. ಬೇರೆ ಬೇರೆ ಶಾಲೆಗಳ ಸಮವಸ್ತ್ರ, ಮಡಿಲಲ್ಲಿ ಚೀಲ. ತುದಿಯ ಹುಡುಗಿಯೊಬ್ಬಳು ಸಂಭ್ರಮದಿಂದ ಕೈಬೀಸಿದಳು. ಟೀಚರ್ ಬಾಗಿಲ ಹಿಡಿಗೆ ಕೈ ಹಾಕುವಷ್ಟರಲ್ಲಿ ವ್ಯಾನು ಹೊರಟೇಹೋಯಿತು.

ರಿಪೇರಿ ಚೀಲವನ್ನು ನೆಲಕ್ಕೆ ಕುಕ್ಕಿ, ಅವರ ಮುಖ ನೋಡದೆ ನಡೆದಳು. ಆಮೇಲೆ ಅವಳು ಲ್ಯಾಬಿನ ಪಕ್ಕದ ಆ ಕೋಣೆಯ ಕಡೆ ಸುಳಿಯಲೇ ಇಲ್ಲ.

ಟೀಚರ್ ವ್ಯಾನಿನ ನಂಬರನ್ನು ಅಂಗೈಯಲ್ಲಿ ಗೀಚಿಕೊಂಡು ಸೀದಾ ಪೊಲೀಸ್ ಠಾಣೆಗೆ ಹೋದರು. ಎಲ್ಲ ಕೇಳಿಸಿಕೊಂಡ ಪೇದೆ ಪೆನ್ನು ಕೆಳಗಿಟ್ಟ.

“ಆ ಮಕ್ಕಳ ಕಡೆಯವರು ಯಾರಾದ್ರೂ ಬಂದು ದೂರು ಕೊಡಬೇಕಲ್ಲ ಮೇಡಂ?”

ಟೀಚರ್ ಆ ಪೆನ್ನನ್ನು ತಾವೇ ಎತ್ತಿಕೊಂಡರು. ದೂರಿನ ಫಾರಮ್ಮಿನಲ್ಲಿ ‘ಕಾಣೆಯಾದವರ ಹೆಸರು’ ಎಂಬ ಜಾಗದಲ್ಲಿ ಏನು ಬರೆಯುವುದೆಂದು ಅವರಿಗೆ ತಿಳಿಯಲಿಲ್ಲ.