ಒಂದೇ ಪಾಸ್‌ವರ್ಡಿನ ಹುಡುಗಿಯರು

ಅನುಮಾನಪಡುವುದರಲ್ಲಿ ದಾಂಡೇಲಿಯ ಆ ಕಾಲೇಜಿನ ಗ್ರಂಥಪಾಲಕಿ ವಿದ್ಯಾವತಿಯನ್ನು ಮೀರಿಸುವವರು ಇರಲಿಲ್ಲ. ಹುಡುಗರು ಪುಸ್ತಕ ಮರಳಿಸಲು ಬಂದರೆ ಮೊದಲು ಪುಟಗಳನ್ನು ತಿರುವಿ ನೋಡುವಳು, ಆಮೇಲೆ ಹುಡುಗರ ಮುಖ ನೋಡುವಳು. ಯಾರಾದರೂ ನಕ್ಕು ಮಾತಾಡಿಸಿದರೆ, ಇವರಿಗೆ ನನ್ನಿಂದ ಏನೋ ಆಗಬೇಕಾಗಿದೆ ಎಂದುಕೊಳ್ಳುವಳು. ಯಾರ ಕೈಯಲ್ಲೂ ತಾನು ಮೋಸಹೋಗಬಾರದು ಎಂಬುದು ಅವಳ ಹಟ.

ಆದ್ದರಿಂದ ಪ್ರಕಾಶಕರ ಆ ಮೇಲ್ ಬಂದಾಗ ಅವಳಿಗೆ ಭಯದ ಜೊತೆ ಒಂದಿಷ್ಟು ಖುಷಿಯೂ ಆಯಿತೆಂದರೆ ಸುಳ್ಳಲ್ಲ. ಅರಣ್ಯ ಅರ್ಥಶಾಸ್ತ್ರದ ದುಬಾರಿ ಪುಸ್ತಕ ಗ್ರಂಥಾಲಯದಲ್ಲಿದ್ದದ್ದು ಎರಡೇ ಪ್ರತಿ. ಅದರ ಎರಡು ಅಧ್ಯಾಯಗಳನ್ನು ಸ್ಕ್ಯಾನ್ ಮಾಡಿ ಕಾಲೇಜಿನ ವೆಬ್‌ಸೈಟಿನಲ್ಲಿ ‘ಮೀಸಲು ಓದು’ ಎಂಬ ಹೆಸರಿನಲ್ಲಿ ಇಡಲು ಪ್ರಕಾಶಕರನ್ನು ಕಾಡಿ ಬೇಡಿ ಒಪ್ಪಿಸಿದವಳು ಅವಳೇ. ಆ ವಿಷಯ ಓದುವವರು ಮಾತ್ರ, ತಮ್ಮ ತಮ್ಮ ಪಾಸ್‌ವರ್ಡ್ ಹಾಕಿ, ಖಾತೆಗೆ ಕೊಟ್ಟ ಫೋನ್ ನಂಬರಿಗೆ ಬರುವ ಕೋಡ್ ಒತ್ತಿ, ಪರೀಕ್ಷೆ ಮುಗಿಯುವ ತನಕ ಓದಬಹುದು. ಫೋನಿಗೆ ಇಳಿಸಿಕೊಳ್ಳುವಂತಿಲ್ಲ. ಈಗ ಪ್ರಕಾಶಕರು ಬರೆದಿದ್ದರು: ರುಬಿನಾ ಎಂಬ ವಿದ್ಯಾರ್ಥಿನಿಯ ಖಾತೆಯಿಂದ ದಿನಾ ಸಂಜೆ ಹತ್ತು ಹನ್ನೆರಡು ಫೋನುಗಳಲ್ಲಿ ಅಧ್ಯಾಯಗಳು ತೆರೆದುಕೊಳ್ಳುತ್ತಿವೆ. ಇದು ಕಾಪಿರೈಟ್ ಉಲ್ಲಂಘನೆ. ಕ್ರಮ ಕೈಗೊಳ್ಳದಿದ್ದರೆ ಇಡೀ ಕಾಲೇಜಿಗೆ ಕೊಟ್ಟ ಒಪ್ಪಿಗೆ ರದ್ದು.

“ಆ ಹುಡುಗಿ ಮಾರಾಕತ್ಯಾಳೇನ್ರೀ?” ಎಂದು ಪ್ರಾಚಾರ್ಯ ಮೌನೇಶ ಕೇಳಿದರು.

“ಮತ್ತೇನ್ ಸರ್? ಪುಕ್ಕಟೆ ಯಾರರ ಇಷ್ಟ ಮಂದಿಗೆ ಪಾಸ್‌ವರ್ಡ್ ಕೊಡ್ತಾರೇನು?”

“ಹಂಗಾರ ಆಕಿ ಹಾಲ್ ಟಿಕೆಟ್ ತಡದಬಿಡೂಣು.”

“ಹೂಂ, ತಡದಬಿಡ್ರಿ ಸರ್,” ಎಂದಳು ವಿದ್ಯಾವತಿ. ಪರೀಕ್ಷೆಗೆ ಉಳಿದದ್ದು ಒಂದೇ ವಾರ. ಹಾಲ್ ಟಿಕೆಟ್ ಇಲ್ಲದಿದ್ದರೆ ಹುಡುಗಿಯ ವರ್ಷವೇ ಹಾಳು ಎಂಬುದು ಅವಳಿಗೆ ಗೊತ್ತಿತ್ತು.

ರುಬಿನಾ ಜೋಯಿಡಾದ ಆಚೆ, ಅಣಶಿಯ ದಾರಿಯಲ್ಲಿರುವ ಹಳ್ಳಿಯ ಸಿದ್ದಿ ಹುಡುಗಿ. ಮಾತು ಬಹಳ ಕಡಿಮೆ. ಮಾತು ಕಡಿಮೆ ಇದ್ದವರ ಮೇಲೆ ವಿದ್ಯಾವತಿಗೆ ಅನುಮಾನ ಜಾಸ್ತಿ. ಮಾತು ಜಾಸ್ತಿ ಇದ್ದವರ ಮೇಲೂ ಇತ್ತೆನ್ನಿ, ಆ ಮಾತು ಬೇರೆ. ಓದಿನ ರಜೆ ಶುರುವಾಗಿ ಹುಡುಗಿಯರೆಲ್ಲ ಊರಲ್ಲಿದ್ದರು. ಸಾಕ್ಷಿ ಸಮೇತ ಹಿಡಿದೇಬಿಡುತ್ತೇನೆಂದು ವಿದ್ಯಾವತಿ ಮರುದಿನ ಮಧ್ಯಾಹ್ನವೇ ಬಸ್ ಹತ್ತಿದಳು. ಪಕ್ಕದಲ್ಲಿ ಕೂತ ಹೆಂಗಸು ಯಾರ ಮನೆಗೆ ಎಂದು ಕೇಳಿದಾಗ, ಇವಳೂ ರುಬಿನಾಳ ಕಡೆಯವಳೇ ಇರಬೇಕೆಂದು ಬಗೆದು “ಸಂಬಂಧಿಕರ ಮನಿಗಿ” ಎಂದು ಸುಳ್ಳು ಹೇಳಿದಳು.

ಹಳ್ಳಿಯ ಮೇಲಿನ ತಿರುವಿನಲ್ಲಿ ಒಂದು ಬಸ್ ತಂಗುದಾಣ. ನೆಟ್‌ವರ್ಕ್ ಸಿಗುವ ಜಾಗ ಸುತ್ತಮುತ್ತ ಅದೊಂದೇ ಎಂದು ಕಂಡಕ್ಟರನೇ ಹೇಳಿದ. ವಿದ್ಯಾವತಿ ಗೋಡೆಯ ಹಿಂದೆ ಅಡಗಿ ನಿಂತಳು. ಬಿಸಿಲು ಇಳಿಯುತ್ತಿದ್ದಂತೆ ಕಾಡಿನ ಕಾಲುದಾರಿಗಳಿಂದ ಹುಡುಗಿಯರು ಒಬ್ಬೊಬ್ಬರಾಗಿ ಬಂದು ಸೇರಿದರು. ಎಲ್ಲರೂ ಅದೇ ತರಗತಿಯವರು. ರುಬಿನಾ ಕಟ್ಟೆ ಹತ್ತಿ ಫೋನು ಎತ್ತಿ ಹಿಡಿದಳು.

“ಬಂತು! ನಾಕು, ಏಳು, ಸೊನ್ನಿ, ಎರಡು... ಲಗೂನ ಹಾಕು!”

ಒಬ್ಬಳು ಅಂಕಿಗಳನ್ನು ಒತ್ತಿದಳು. ಆಮೇಲೆ ಇನ್ನೊಂದು ಸಂಖ್ಯೆ, ಇನ್ನೊಬ್ಬಳ ಫೋನು. ವಿದ್ಯಾವತಿ ಫೋಟೋ ಹೊಡೆದೇ ಹೊಡೆದಳು. ಯಾರೂ ಯಾರಿಗೂ ದುಡ್ಡು ಕೊಡಲಿಲ್ಲ. ಆನ್‌ಲೈನ್‌ನಲ್ಲಿ ಕೊಡುತ್ತಿರಬೇಕು ಎಂದುಕೊಂಡು ಗೋಡೆಯ ಮರೆಯಿಂದ ಹೊರಗೆ ಬಂದಳು.

“ಏನ್ ನಡದೈತಿ ಇಲ್ಲೆ?”

ಹುಡುಗಿಯರು ದಡಬಡಿಸಿ ಎದ್ದರು. “ಓದಾಕತ್ತೇವ್ರಿ ಮೇಡಂ,” ಎಂದಳು ರುಬಿನಾ.

“ನಿನ್ನ ಪಾಸ್‌ವರ್ಡ್ ಇವರಿಗೆಲ್ಲಾ ಯಾಕ ಕೊಟ್ಟಿ? ಒಬ್ಬೊಬ್ಬರ ಕಡಿಂದ ಎಷ್ಟ ತಗೊಂಡಿ?”

ರುಬಿನಾಳಿಗೆ ಆ ಪ್ರಶ್ನೆ ಅರ್ಥವೇ ಆಗಲಿಲ್ಲ. ಪಕ್ಕದಲ್ಲಿದ್ದ ಜ್ಯೋತಿ ಎಂಬ ಹುಡುಗಿ ಬಾಯಿ ಹಾಕಿದಳು. “ನಮ್ಮ ಖಾತೆ ತಗ್ಯಾಕ ಕೋಡ್ ಬರೂದಿಲ್ರಿ ಮೇಡಂ. ಅದು ಗೋವಾಕ್ಕ ಹೋಗ್ತೈತಿ.”

“ಗೋವಾಕ್ಕ?”

“ಅಪ್ಪನ ಫೋನಿಗ್ರಿ. ಅಪ್ಪ ಮೀನಿನ ಬೋಟಿನ್ಯಾಗಿರ್ತಾನ. ಅಂವ ನೋಡೂದ್ರಾಗ ಕೋಡಿನ ಟೈಮ್ ಮುಗದಿರ್ತೈತಿ.”

ಉಳಿದವರ ಅಪ್ಪಂದಿರೂ ಗೋವಾದಲ್ಲೇ, ಕಟ್ಟಡದ ಕೆಲಸದಲ್ಲಿ, ಹೋಟೆಲುಗಳಲ್ಲಿ. ವಿದ್ಯಾವತಿಗೆ ಖಾತೆ ತೆರೆದ ದಿನ ನೆನಪಾಯಿತು. ಕಂಪ್ಯೂಟರಿನ ಮುಂದೆ ಕೂತು, ‘ನಿಮ್ಮ ನಂಬರ್ ಬ್ಯಾಡ, ಹುಡುಗ್ಯಾರ ನಂಬರಿನ ಮ್ಯಾಲೆ ನನಗ ಭರೋಸಾ ಇಲ್ಲ, ಅಪ್ಪಂದು ಹೇಳ್ರಿ’ ಎಂದು ಒಬ್ಬೊಬ್ಬರನ್ನೂ ಗದರಿಸಿದವಳು ತಾನೇ.

“ನನಗ ಹೇಳಬಾರದಿತ್ತೇನು?”

“ಹೇಳಿದ್ವಲ್ರಿ. ಅಪ್ಪನ ಕಡಿಂದ ಫೋನ್ ಮಾಡಸ್ರಿ ಅಂದ್ರಿ.”

ಅನುಮಾನ ಅಷ್ಟು ಸುಲಭಕ್ಕೆ ಸಾಯುವುದಿಲ್ಲ. ವಿದ್ಯಾವತಿ ರುಬಿನಾಳ ಕಡೆ ತಿರುಗಿದಳು. “ನಿನಗೊಬ್ಬಾಕಿಗೆ ಹೆಂಗ ಬರ್ತೈತಿ ಹಂಗಾರ?”

“ನನಗ ಅಬ್ಬಾ ಇಲ್ರಿ ಮೇಡಂ. ಅದಕ್ಕ ನನ್ನ ನಂಬರ್ ಬರಕೊಂಡ್ರಿ.”

ವಿದ್ಯಾವತಿಗೆ ನಾಚಿಕೆಯಾಯಿತು. ಹೇಳದೇ ಹೋಗಿಬಿಡಬಹುದಿತ್ತು, ಆದರೆ ಆ ಹುಡುಗಿಯ ಮುಖ ನೋಡಿ ಅದು ಸಾಧ್ಯವಾಗಲಿಲ್ಲ. “ನಿನ್ನ ಹಾಲ್ ಟಿಕೆಟ್ ತಡದಾರ ರುಬಿನಾ. ತಡೀರಿ ಅಂದಾಕಿ ನಾನ,” ಎಂದಳು.

ರುಬಿನಾ ಕಟ್ಟೆಯ ಮೇಲೆ ಕುಸಿದು ಕೂತಳು.

“ಈಗಿಂದೀಗ ಎಲ್ಲಾ ಸರಿ ಮಾಡ್ತೇನಿ,” ವಿದ್ಯಾವತಿ ಗಡಿಬಿಡಿಯಿಂದ ಹೇಳಿದಳು. “ನೀವೆಲ್ಲಾ ನಿಮ್ಮ ನಿಮ್ಮ ನಂಬರ್ ಹೇಳ್ರಿ, ಇಲ್ಲೇ ಬದಲ ಮಾಡ್ತೇನಿ.”

ಜ್ಯೋತಿ ತನ್ನ ಫೋನನ್ನು ಬೆನ್ನ ಹಿಂದೆ ಸರಿಸಿಕೊಂಡಳು. “ಯಾಕ್ರಿ ಮೇಡಂ? ನಮ್ಮವೂ ಹಾಲ್ ಟಿಕೆಟ್ ತಡ್ಯಾಕ?”

ವಿದ್ಯಾವತಿ ತಂಗುದಾಣದ ಮೂಲೆಯಲ್ಲಿ ನಿಂತು ಪ್ರಕಾಶಕರಿಗೂ ಪ್ರಾಚಾರ್ಯರಿಗೂ ಒಂದೇ ಮೇಲ್ ಬರೆಯತೊಡಗಿದಳು. ವಿದ್ಯಾರ್ಥಿನಿಯದೇನೂ ತಪ್ಪಿಲ್ಲ, ತಾಂತ್ರಿಕ ಕಾರಣದಿಂದ ಹೀಗಾಗಿದೆ, ಹಾಲ್ ಟಿಕೆಟ್ ಕೊಡಬೇಕು, ಎಲ್ಲರಿಗೂ ಅವರವರ ಫೋನಿಗೇ ಕೋಡ್ ಬರುವಂತೆ ಮಾಡುತ್ತೇವೆ. ಕಳಿಸುವ ಮೊದಲು ರುಬಿನಾ ಎದ್ದು ಬಂದಳು.

“ತೋರಸ್ರಿ.”

ನಿಧಾನವಾಗಿ ಓದಿದಳು. ಫೋನು ಮರಳಿಸುತ್ತ, “ತಾಂತ್ರಿಕ ಅಂದ್ರ ಯಾರ್ರಿ ಮೇಡಂ?” ಎಂದು ಕೇಳಿದಳು.

ವಿದ್ಯಾವತಿ ಆ ಸಾಲು ಅಳಿಸಿದಳು. ಹುಡುಗಿಯರನ್ನು ನಂಬದೆ ಅಪ್ಪಂದಿರ ನಂಬರ್ ಹಾಕಿಸಿದವಳು ನಾನು, ವಿಚಾರಿಸದೆ ರುಬಿನಾಳ ಮೇಲೆ ಕಳ್ಳತನ ಹೊರಿಸಿದವಳೂ ನಾನು ಎಂದು ಬರೆದು, ಕೆಳಗೆ ತನ್ನ ಹೆಸರು ಹಾಕಿದಳು. ರುಬಿನಾ ಮತ್ತೊಮ್ಮೆ ಓದಿ ಹೂಂ ಎಂದ ಮೇಲೆ ಮೇಲ್ ಹೋಯಿತು.

ಅಷ್ಟರಲ್ಲಿ ದಾಂಡೇಲಿಗೆ ಹೋಗುವ ಕಡೆಯ ಬಸ್ ಬಂದು ನಿಂತಿತು. ವಿದ್ಯಾವತಿ ಚೀಲ ಎತ್ತಿಕೊಂಡಳು.

“ಸರ್ ಕಡಿಂದ ಉತ್ತರ ಬರೂತನಕ ನೀವು ಇಲ್ಲೇ ಕೂಡ್ರಿ ಮೇಡಂ,” ಎಂದಳು ರುಬಿನಾ. ದನಿಯಲ್ಲಿ ಸಿಟ್ಟಿರಲಿಲ್ಲ. ದಾಂಡೇಲಿಗೆ ಹೋದ ಮೇಲೆ ಈಕೆ ಏನು ಬರೆಯುತ್ತಾಳೋ ಯಾರಿಗೆ ಗೊತ್ತು ಎಂಬಂತೆ ಎಲ್ಲರೂ ಅವಳನ್ನೇ ನೋಡುತ್ತಿದ್ದರು.

“ಬರ್ತೀರೇನ್ರೀ ಅಕ್ಕಾರ?” ಕಂಡಕ್ಟರ ಕೂಗಿದ.

“ಇಲ್ಲಪಾ, ನೀ ಹೋಗು,” ಎಂದು ವಿದ್ಯಾವತಿ ಹುಡುಗಿಯರ ನಡುವೆ ಕಟ್ಟೆಯ ಮೇಲೆ ಕೂತಳು.